ಬೇಲಿಯಾಚೆಯ ಮಣ್ಣು

ಗೆರೆ ಇರಬಾರದ ಜಾಗದಲ್ಲಿ ಗೆರೆ ಇತ್ತು. ಕತ್ತಲೆ ಕೋಣೆಯಲ್ಲಿ ಜೀನು ಪರೀಕ್ಷೆಯ ನೀಲಿ ಬೆಳಕಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದ ಅವಳು ಮೊದಲು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡಳು, ಆಮೇಲೆ ಪೆಟ್ಟಿಗೆಯ ಗಾಜು ಒರೆಸಿದಳು, ಕೊನೆಗೆ ಒರೆಸುವುದಕ್ಕೆ ಏನೂ ಉಳಿಯದೆ ಸುಮ್ಮನೆ ನೋಡುತ್ತ ನಿಂತಳು. ಅಕ್ಕನ ಹಿತ್ತಲಿನಲ್ಲಿ ಪ್ರಯೋಗಕ್ಕೆಂದು ಹಾಕಿದ ಬೇಲಿಯೊಳಗಿನ ಮಣ್ಣಿನ ಸಾಲುಗಳಲ್ಲಿ ಗೆರೆ ಮೂಡಬೇಕು, ಮೂಡಿತ್ತು. ಬೇಲಿಯಾಚೆಯ ಮಣ್ಣಿನ ಸಾಲುಗಳು ಖಾಲಿ ಇರಬೇಕು. ಇಷ್ಟು ತಿಂಗಳು ಖಾಲಿಯೇ ಇದ್ದವು, ಆ ಖಾಲಿತನವನ್ನು ಅವಳು ತನ್ನ ಒಳ್ಳೆಯ ನಡತೆಗೆ ಸಿಕ್ಕ ಸರ್ಟಿಫಿಕೇಟಿನಂತೆ ಪ್ರತಿ ಸಭೆಯಲ್ಲೂ ತೋರಿಸಿದ್ದಳು. ಇವತ್ತು ಅಕ್ಕನ ಪಕ್ಕದ ಮನೆಯ ಹಿತ್ತಲಿನಿಂದ ತಂದ ಮಣ್ಣು ಗೆರೆ ಮೂಡಿಸಿ ಕೂತಿತ್ತು. ತೆಳ್ಳಗಿನದಲ್ಲ, ಅನುಮಾನದ್ದಲ್ಲ. ಇಂಧನ ಡಿಪೋದಿಂದ ಸೋರಿದ ಎಣ್ಣೆ ಕುಡಿದು ಕಪ್ಪಾದ ಮಣ್ಣಿನಲ್ಲೂ ಸಾಯದೆ ಉಳಿದಿದ್ದ ಒಂದು ಸೂಕ್ಷ್ಮಾಣುವಿನಿಂದ ಎಣ್ಣೆ ಒಡೆಯುವ ಜೀನುಗಳನ್ನು ಎತ್ತಿ, ಬೇರುಗಳ ಸುತ್ತ ಗಟ್ಟಿಯಾಗಿ ಬದುಕಬಲ್ಲ ಇನ್ನೊಂದರೊಳಗೆ ಸೇರಿಸಿ, ಎಲ್ಲಿ ಕಂಡರೂ ಇದು ನಮ್ಮದೇ ಎಂದು ಹೇಳಲು ಬರಲೆಂದು ಜೊತೆಗೊಂದು ಚಿಕ್ಕ ಗುರುತನ್ನೂ ಪೋಣಿಸಿದವಳು ಅವಳೇ. ಈಗ ಆ ಗುರುತು ಇದು ನಿಮ್ಮದೇ ಎಂದು ಹೇಳುತ್ತಿತ್ತು.

ನಾಚಿಕೆಗೇಡಿನ ಸಂಗತಿಯೆಂದರೆ ಮೊದಲು ಆದದ್ದು ಸಂತೋಷ. ಬದುಕಿವೆ! ಯಾರೂ ನೀರು ಹನಿಸದ, ಯಾರೂ ಗೊಬ್ಬರ ಹಾಕದ ಪರರ ಮನೆಯ ಎಣ್ಣೆಮಣ್ಣಿನಲ್ಲಿ ತಾವಾಗಿ ಬದುಕಿವೆ. ತವರಿನಿಂದ ಕಳಿಸಿದ ಮಗಳು ಕಷ್ಟದ ಮನೆಯಲ್ಲೂ ನೆಲೆ ನಿಂತಳಂತೆ ಎಂದು ಕೇಳಿದ ತಾಯಿಗೆ ಆಗುವಂಥ ಸಂತೋಷ ಅದು. ಆ ಸಂತೋಷದ ಬೆನ್ನಿಗೇ ಭಯ ಬಂತು. ಬೇಲಿ ದಾಟಬಾರದು ಎನ್ನುವುದೇ ಅನುಮತಿಯ ಮೊದಲ ಷರತ್ತು. ದಾಟಿದರೆ ಪ್ರಯೋಗ ಅವತ್ತಿಗೆ ಮುಗಿಯಿತು. ಬೇಲಿಯೊಳಗಿನದೂ, ಬೇಲಿಯಾಚೆ ಎಲ್ಲೆಲ್ಲಿ ಸಿಕ್ಕಿತೋ ಅಲ್ಲಿನದೂ, ಮಣ್ಣನ್ನೆಲ್ಲ ಮೊಣಕಾಲುದ್ದ ಅಗೆದು ಕೊಂಡೊಯ್ದು ಸುಡುತ್ತಾರೆ. ನಾಳೆ ಸಮಿತಿ ಕೂರುವುದಿತ್ತು. ಎಲ್ಲ ಸರಿಯಿದ್ದರೆ ಅದೇ ಸಮಿತಿ ಅಕ್ಕನ ಬೀದಿಯ ಅಷ್ಟೂ ಮನೆಗಳ ಹಿತ್ತಲಿಗೆ ಅನುಮತಿ ಕೊಡುವುದಿತ್ತು. ಅವಳು ಪರೀಕ್ಷೆಯನ್ನು ಮತ್ತೆ ಮಾಡಿದಳು, ಹೊಸ ಕೈಗವಸು, ಹೊಸ ನೀರು, ಹೊಸ ನಳಿಕೆ. ಗೆರೆ ಮತ್ತೆ ಬಂತು. ಎರಡನೆಯ ಸಲ ಸಂತೋಷವಾಗಲಿಲ್ಲ.

ಪ್ರಯೋಗಾಲಯದ ನಿರ್ದೇಶಕರು ಆ ಗೆರೆಗಳ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಗೆರೆ ಬೇರೆ ಕಡೆಯಿಂದ ನೋಡಿದರೆ ಹೋದೀತು ಅನ್ನುವ ಹಾಗೆ. ಆಮೇಲೆ ಕೈಗವಸು ಬದಲಾಯಿಸಿದ್ದಿರಾ ಎಂದು ಕೇಳಿದರು. ಇದನ್ನು ಅವರು ಹೊಸದಾಗಿ ಸೇರಿದ ಹುಡುಗಿಯರಿಗೆ ಕೇಳುತ್ತಾರೆ. ಮೂಲೆಯಲ್ಲಿ ನಳಿಕೆಗಳಿಗೆ ಚೀಟಿ ಅಂಟಿಸುತ್ತಿದ್ದ ಅಂಥ ಇಬ್ಬರು ತಲೆ ಎತ್ತದೆ ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಅವಳು ಹೂಂ ಸರ್ ಅಂದಳು, ಜೊತೆಗೆ ಯಾಕೋ ಸಾರಿ ಅಂತಲೂ ಅಂದಳು. ಅಂದ ಮೇಲೆ ಅದು ಬಾಯಿಂದ ಬಿದ್ದದ್ದಕ್ಕೆ ಕಿವಿ ಬಿಸಿಯಾಯಿತು. ಸಾರಿ ಯಾತಕ್ಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ನಿರ್ದೇಶಕರು ಕೆಟ್ಟವರಲ್ಲ. ಅವರಿಗೆ ಪ್ರಯೋಗ ಬೇಕು, ಪ್ರಯೋಗಾಲಯ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾವು ಏನೂ ಹೇಳಲಿಲ್ಲ ಎಂದು ನಾಳೆ ಹೇಳುವ ಅನುಕೂಲ ಬೇಕು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. "ಸ್ಯಾಂಪಲ್ ಕೆಟ್ಟಿರಬೇಕು ಅಲ್ವಾ?" ಅಂದರು. "ಇಂಥದ್ದೆಲ್ಲ ಆಗ್ತಾನೇ ಇರುತ್ತೆ. ನೀವೇ ಹೋಗಿ ಹೊಸ ಮಣ್ಣು ತನ್ನಿ. ಸಂಜೆ ಒಂದು ಫೋನ್ ಮಾಡಿ. ಕೆಟ್ಟಿತ್ತು ಅಂದ್ರೆ ಬಿಟ್ಟುಬಿಡೋಣ." ಇಲ್ಲ ಅಂದ್ರೆ ಏನು ಎಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಬಸ್ಸಿನಲ್ಲಿ ಮಣ್ಣು ತುಂಬುವ ಖಾಲಿ ಡಬ್ಬಿಗಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳಿಗೆ ಆ ಮಾತು ಎಲ್ಲೋ ಕೇಳಿದ್ದು ಎನ್ನಿಸುತ್ತಿತ್ತು. ಯಾರು ಹೇಳಿದ್ದು? ಕೆಟ್ಟಿರಬೇಕು. ಭಾವ. ಭಾವ ಡಿಪೋದಲ್ಲಿ ವಾಲ್ವ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ನೆಲದೊಳಗಿನ ಪೈಪು ಒಡೆದು ಎಣ್ಣೆ ಬೀದಿಯ ಅಡಿಗೆಲ್ಲ ಹರಿದ ಹೊತ್ತಿನಲ್ಲಿ ಪಾಳಿ ಅವರದು. ಮೀಟರಿನ ಮುಳ್ಳು ಇಳೀತಾ ಇತ್ತು, ಮೇಲಿನವರಿಗೆ ಹೇಳಿದೆ, ಮೀಟರ್ ಕೆಟ್ಟಿರಬೇಕು ಬಿಡಪ್ಪ ಅಂದರು, ನಾನೂ ಹಾಗೇ ಅಂದ್ಕೊಂಡೆ ಎಂದು ಅವರು ಒಂದೇ ಒಂದು ಸಲ, ತಟ್ಟೆಯ ಮುಂದೆ ಕೂತು, ಯಾರನ್ನೂ ನೋಡದೆ ಹೇಳಿದ್ದರು. ಆಗ ಅವಳು ಏನು ಮಾಡಿದ್ದಳು? ಅನ್ನ ಕಲಸುತ್ತ, ಪಾಪ, ನೀವೇನು ಮಾಡೋಕಾಗುತ್ತೆ ಭಾವ ಅಂದಿದ್ದಳು. ಆದರೆ ಮನಸ್ಸಿನೊಳಗೆ, ವಿದ್ಯೆ ಕಲಿತವರ ಮನಸ್ಸಿನ ಯಾವುದೋ ಎತ್ತರದ ಕಪಾಟಿನಲ್ಲಿ, ನಾನಾಗಿದ್ದರೆ ಬಿಡುತ್ತಿರಲಿಲ್ಲ ಎಂದು ಒಂದು ಮಾತನ್ನು ಎತ್ತಿಟ್ಟುಕೊಂಡಿದ್ದಳು. ಬಸ್ಸು ನಿಂತಿತು. ಪಕ್ಕದಲ್ಲಿ ಕೂತಿದ್ದ ಮುದುಕ ಚೀಲದಲ್ಲೇನಮ್ಮ ಎಂದು ಕೇಳಿದ. ಮಣ್ಣು ತರೋಕೆ ಹೊರಟಿದೀನಿ ಅಂದಳು. ಅವನು ಅವಳನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, ಅಷ್ಟು ಓದಿದ ಹಾಗೆ ಕಾಣ್ತೀಯಲ್ಲ ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಮೊದಲು ಪ್ರಯೋಗಕ್ಕೆ ಜಾಗ ಹುಡುಕುವಾಗ ಯಾರೂ ಕೊಟ್ಟಿರಲಿಲ್ಲ. ಎಣ್ಣೆ ಬಂದಿದ್ದು ಸಾಲದೆ ಹುಳ ಬೇರೆ ಬಿಡ್ತೀರಾ ಎಂದು ಬೀದಿಯವರು ಕೇಳಿದ್ದರು. ಅಕ್ಕ ಮಾತ್ರ ಒಂದು ಮಾತೂ ಆಡದೆ ಹಿತ್ತಲಿನ ಬಾಗಿಲು ತೆರೆದಳು. ಅಕ್ಕನಿಗೆ ಮೊದಲು ಅಲ್ಲಿ ಸಸಿಗಳ ವ್ಯಾಪಾರವಿತ್ತು, ಹೂವಿನವು, ಹಣ್ಣಿನವು, ಸಾಲುಸಾಲಾಗಿ ಚೀಲಗಳಲ್ಲಿ ಬೆಳೆಸಿ ಮಾರುತ್ತಿದ್ದಳು. ಈಗ ಮುಟ್ಟಿದರೆ ಕೈಗೆ ಅಂಟುವ ಕಪ್ಪು ನೆಲ. ಒಪ್ಪಿಗೆಯ ಕಾಗದವನ್ನು ಓದದೆ ಸಹಿ ಹಾಕಿದಳು. ಓದು ಅಕ್ಕ ಅಂದರೆ, ನೀನು ಓದಿದೀಯಲ್ಲ, ಮತ್ತೆ ನಾನ್ಯಾಕೆ ಓದಲಿ ಎಂದಳು. ಆದರೂ ಹೇಳುವುದು ತನ್ನ ಕರ್ತವ್ಯ ಎಂದುಕೊಂಡು ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಹೇಳಿದ್ದಳು, ಜೀನು, ಗುರುತು, ಕೊಬ್ಬಿನಂಥ ಉದ್ದನೆಯ ಎಣ್ಣೆಯ ಕೊಂಡಿಗಳನ್ನು ತುಂಡು ತುಂಡು ಮಾಡುವುದು. ಅಕ್ಕನ ಮುಖದಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಮೂಡಲಿಲ್ಲ. ಆಗ ಅವಳು, ಸುಲಭ ಮಾಡಿ ಹೇಳುವ ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಹೆಪ್ಪು ಇದ್ದ ಹಾಗೆ ಅಕ್ಕ, ಒಂದು ಚಮಚ ಹಾಕಿದ್ರೆ ಸಾಕು, ಮಿಕ್ಕಿದ್ದು ತಾನೇ ಆಗುತ್ತೆ ಎಂದಳು. ಅಕ್ಕನ ಕಣ್ಣು ಹೊಳೆಯಿತು. ಓ, ಹಾಗೆ ಹೇಳು ಮತ್ತೆ! ಹೆಪ್ಪಿನ ಮಾತನ್ನು ಅವಳು ಆಮೇಲೆ ಬೀದಿಯ ಸಭೆಯಲ್ಲೂ ಹೇಳಿದಳು, ಜನ ನಕ್ಕರು, ನಿರ್ದೇಶಕರು ಬೆನ್ನು ತಟ್ಟಿದರು. ಹೆಪ್ಪನ್ನು ಜನ ಏನು ಮಾಡುತ್ತಾರೆ ಎನ್ನುವುದು ಅವಳ ತಲೆಗೆ ಹೊಳೆದಿರಲಿಲ್ಲ.

ಹೊಳೆದದ್ದು ಈಗ, ಅಕ್ಕನ ಹಿತ್ತಲಿನಲ್ಲಿ ಬೇಲಿಯೊಳಗೆ ಹೋಗಲು ಚಪ್ಪಲಿ ಬದಲಾಯಿಸುವಾಗ, ಒಂದು ಕಾಲಲ್ಲಿ ನಿಂತು. ತಂತಿಬೇಲಿಯೊಳಗೆ ಎರಡು ಮಡಿಗಳು. ಸೂಕ್ಷ್ಮಾಣು ಹಾಕಿದ್ದರಲ್ಲಿ ಕಂದು ಬಣ್ಣ ತಿರುಗಿ ಹುಲ್ಲು ಎದ್ದಿತ್ತು, ಹೋಲಿಕೆಗೆಂದು ಹಾಗೇ ಬಿಟ್ಟದ್ದರಲ್ಲಿ ನೆಲ ಇನ್ನೂ ಕಪ್ಪಾಗಿ ಹೊಳೆಯುತ್ತಿತ್ತು. ಹುಲ್ಲು ಎದ್ದ ಮಡಿಯ ಒಂದು ಮೂಲೆಯಲ್ಲಿ, ಬೇಲಿಯ ತಂತಿ ತುಸು ಸಡಿಲಿದ್ದ ಕಡೆ, ಮಣ್ಣು ಎರಡು ಮೂರು ಬೊಗಸೆಯಷ್ಟು ತಗ್ಗಾಗಿತ್ತು. ಇಲಿ ಕೆರೆದದ್ದಲ್ಲ. ಅಂಚುಗಳು ನಯವಾಗಿದ್ದವು, ಒಲವಿನಿಂದ ತೆಗೆದ ಹಾಗೆ. ಹೆಪ್ಪನ್ನು ಜನ ಇಟ್ಟುಕೊಂಡು ಕೂರುವುದಿಲ್ಲ. ಯಾರಾದರೂ ಬಟ್ಟಲು ಹಿಡಿದು ಬಂದರೆ ಇಲ್ಲ ಅನ್ನುವುದಿಲ್ಲ, ಜಗಳವಾಡಿದ ಮನೆಗೂ ಇಲ್ಲ ಅನ್ನುವುದಿಲ್ಲ. ಚಿಕ್ಕವಳಿದ್ದಾಗ ಎಷ್ಟು ಸಲ ಅಮ್ಮ ಅವಳನ್ನೇ ಕಳಿಸಿರಲಿಲ್ಲ, ಹೋಗಿ ಪಕ್ಕದ ಮನೆಯಿಂದ ಒಂದು ಚಮಚ ಇಸ್ಕೊಂಡು ಬಾ ಅಂತ. ಅದೇ ಮಾತನ್ನು, ಅದೇ ಮನೆಯಲ್ಲಿ ಬೆಳೆದ ಅಕ್ಕನಿಗೆ, ಅಡುಗೆಮನೆಯಲ್ಲೇ ನಿಂತು ಹೇಳಿಕೊಟ್ಟು, ಆಮೇಲೆ ಸುತ್ತ ತಂತಿ ಕಟ್ಟಿ ಹೋಗಿದ್ದಳು.

ಅಕ್ಕ ಬಟ್ಟೆ ಒಣಗಿಸುತ್ತಿದ್ದವಳು ಬಕೆಟ್ಟು ಕೆಳಗಿಟ್ಟು ಬಂದಳು. ಏನೇ ಗುಬ್ಬಿ, ಇವತ್ತು ನಿನ್ನ ಮಣ್ಣಿನ ದಿನ ಅಲ್ವಲ್ಲ ಎಂದಳು. ಅವಳು ತಗ್ಗನ್ನು ತೋರಿಸಿದಳು. ಅಕ್ಕ ನಾಚಿಕೊಂಡಳು. ಕದ್ದು ಸಿಕ್ಕಿಬಿದ್ದವರ ನಾಚಿಕೆಯಲ್ಲ, ಯಾರಿಗೋ ಗುಟ್ಟಾಗಿ ಉಡುಗೊರೆ ಕೊಟ್ಟದ್ದು ಬಯಲಾದಾಗಿನ ನಾಚಿಕೆ.

"ಸ್ವಲ್ಪ ತಗೊಂಡೆ ಕಣೇ," ಅಂದಳು. "ನಿಂದು ಕಡಿಮೆ ಆಗುತ್ತೇನೋ ಅಂತ ತೀರಾ ಸ್ವಲ್ಪ. ಪಕ್ಕದ್ಮನೆ ಟೈಲರಮ್ಮನ ಹಿತ್ತಲಿಗೆ ಒಂದು ಬೊಗಸೆ, ಆಕಡೆ ಮನೆಗೊಂದು ಬೊಗಸೆ, ಮೂಲೆಮನೆಗೊಂದು. ಬೆಳಕು ಹರಿಯೋ ಮುಂಚೆ ಗೋಡೆ ಮೇಲಿಂದ ಹಾಕಿದೆ. ಯಾರೂ ನೋಡಿಲ್ಲ."

ಅವಳಿಗೆ ಕೋಪ ಬರಬೇಕಿತ್ತು. ಬಂತು ಕೂಡ, ಆದರೆ ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಉಳಿಯಿತು. ಅಕ್ಕ, ಕಾಗದದಲ್ಲಿ ಬರೆದಿತ್ತಲ್ಲ, ಒಂದು ಚಿಟಿಕೆಯೂ ಆಚೆ ಹೋಗಬಾರದು ಅಂತ ಎನ್ನಹೊರಟು, ಆ ಕಾಗದ ಅಕ್ಕ ಓದಿಲ್ಲವೆಂದು ತನಗೇ ಗೊತ್ತಿದ್ದದ್ದು ನೆನಪಾಗಿ ನಿಲ್ಲಿಸಿದಳು. ಯಾಕೆ ಎಂದಷ್ಟೇ ಕೇಳಿದಳು. ಅಕ್ಕ ಬಟ್ಟೆಯ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿ ತೆಗೆಯುತ್ತ, ಯಾಕೆ ಅಂದ್ರೆ ಏನು ಹೇಳಲಿ, ನಮ್ಮ ಮನೆಯಿಂದ ತಾನೆ ಅವರ ಮಣ್ಣು ಹಾಳಾಗಿದ್ದು ಎಂದಳು. ನಿಮ್ಮ ಮನೆಯಿಂದ ಅಲ್ಲ ಅಕ್ಕ, ಡಿಪೋದಿಂದ. ಬೀದಿಗೆ ಡಿಪೋ ಅಂದ್ರೆ ನಿಮ್ಮ ಭಾವ ಕಣೇ, ಮಿಕ್ಕವರ ಮುಖ ಯಾರು ನೋಡಿದಾರೆ ಎಂದಳು ಅಕ್ಕ. ಟೈಲರಮ್ಮ ಮೊದಲೆಲ್ಲ ರವಿಕೆಯ ತೋಳು ಸರಿಯಿದೆಯಾ ನೋಡು ಅಂತ ಗೋಡೆ ಮೇಲಿಂದಲೇ ಕೂಗುತ್ತಿದ್ದವಳು, ಎಣ್ಣೆ ಬಂದ ಮೇಲೆ ಒಂದು ದಿನವೂ ಇವರ ಕಡೆ ತಿರುಗಿಲ್ಲ. ಎದುರಿಗೆ ಸಿಕ್ಕರೆ ಕೈಯಲ್ಲಿನ ಬಟ್ಟೆ ಮಡಚುತ್ತಾಳೆ. ಬೈದರೂ ಆಗುತ್ತಿತ್ತು. ಬೈಯಲೂ ಇಲ್ಲ. ಅವಳ ನಿಂಬೆಗಿಡ ಒಣಗಿದಾಗ ಅದರ ಒಂದೊಂದು ಕೊಂಬೆ ಮುರಿದು ಇವರ ಗೋಡೆಗೆ ಒರಗಿಸಿಟ್ಟಳಂತೆ. ಅಷ್ಟೇ ಅವಳು ಆಡಿದ ಮಾತು. ಅಕ್ಕ ಇದನ್ನೆಲ್ಲ ದೂರಿನ ಹಾಗೆ ಹೇಳಲಿಲ್ಲ, ನಡೆದ ಸಂಗತಿಯನ್ನು ನಡೆದ ಹಾಗೆ ಹೇಳಿದಳು.

ಒಳಗೆ ಭಾವ ಕುರ್ಚಿಯಲ್ಲಿ ಕೂತಿದ್ದರು. ಕೆಲಸ ಹೋದ ಮೇಲೆ ಅವರು ಬೀದಿಯ ಕಡೆಯ ಬಾಗಿಲು ದಾಟಿದ್ದು ಕಡಿಮೆ. ಬಾಮ್ಮ ಎಂದರು, ಮತ್ತೆ ಪತ್ರಿಕೆಯ ಹಿಂದೆ ಹೋದರು. ಅವಳು ಅಡುಗೆಮನೆಯಲ್ಲಿ ಕೂತು ಅಕ್ಕನಿಗೆ ಎಲ್ಲ ಹೇಳಿದಳು. ಈ ಸಲ ಹೋಲಿಕೆ ಕೊಡದೆ, ಸುಲಭ ಮಾಡದೆ, ಒಂದೊಂದನ್ನೂ ಅದರ ಹೆಸರಿನಿಂದಲೇ ಹೇಳಿದಳು. ಹೇಳಿದರೆ ಏನಾಗುತ್ತದೆ: ಪ್ರಯೋಗ ನಿಲ್ಲುತ್ತದೆ, ಈ ಹಿತ್ತಲು ಅಗೆಯುತ್ತಾರೆ, ಆ ಮೂರು ಹಿತ್ತಲೂ ಅಗೆಯುತ್ತಾರೆ, ಬೀದಿಯ ಮಣ್ಣು ಇನ್ನೆಷ್ಟೋ ವರ್ಷ ಹೀಗೇ ಇರುತ್ತದೆ, ಯಾರಿಂದ ಹೀಗಾಯಿತು ಎಂದು ಎಲ್ಲರಿಗೂ ತಿಳಿಯುತ್ತದೆ. ಹೇಳದಿದ್ದರೆ: ಸ್ಯಾಂಪಲ್ ಕೆಟ್ಟಿತ್ತು ಎಂದು ಒಂದು ಫೋನ್, ನಾಳೆ ಅನುಮತಿ, ಮಳೆಗಾಲದೊಳಗೆ ಬೀದಿಯ ಎಲ್ಲ ಹಿತ್ತಲಲ್ಲೂ ಹುಲ್ಲು. ಹೇಳುತ್ತ ಹೇಳುತ್ತ ಎರಡನೆಯದು ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಅವಳಿಗೇ ಗಾಬರಿಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಹೇಳುವ ಗಾದೆಯಲ್ಲಿ ಬೇಲಿಗೂ ತನ್ನದೇ ಆದ ಕಾರಣಗಳು ಇದ್ದಿರಬೇಕು.

ಅಕ್ಕ ಕೇಳಿದಳು, "ಅದರಿಂದ ಅವರಿಗೇನಾದ್ರೂ ಕೆಟ್ಟದಾಗುತ್ತಾ?"

ಆಗಲಿಕ್ಕಿಲ್ಲ ಎಂದು ಅವಳ ಬಾಯಿಗೆ ಬಂತು. ಸಭೆಗಳಲ್ಲಿ ಎಷ್ಟು ಸಲ ಹೇಳಿದ ಮಾತು. ಗಾಜಿನ ತಟ್ಟೆಯಲ್ಲಿ ಏನೂ ಆಗಲಿಲ್ಲ, ಕುಂಡದಲ್ಲಿ ಏನೂ ಆಗಲಿಲ್ಲ, ಬೇಲಿಯೊಳಗೆ ಏನೂ ಆಗಲಿಲ್ಲ. ಆದರೆ ಟೈಲರಮ್ಮನ ಹಿತ್ತಲು ಗಾಜಿನ ತಟ್ಟೆಯಲ್ಲ. ಅಲ್ಲಿ ಅವಳ ಮೊಮ್ಮಗು ತೆವಳುತ್ತದೆ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಎಣ್ಣೆ ತಿನ್ನುವಂಥದ್ದು ಎಣ್ಣೆ ಮುಗಿದ ಮೇಲೆ ಏನು ತಿನ್ನುತ್ತದೆ, ತನ್ನ ಜೀನುಗಳನ್ನು ಯಾವ ನೆರೆಯವನಿಗೆ ದಾಟಿಸುತ್ತದೆ ಎನ್ನುವುದನ್ನು ತಿಳಿಯಲೆಂದೇ ಅಲ್ಲವೆ ಬೇಲಿ ಹಾಕಿದ್ದು. ಅವಳು ಅಕ್ಕನ ಮುಖ ನೋಡಿದಳು. ನೀನು ಓದಿದೀಯಲ್ಲ ಎಂದು ನಂಬಿ ಕಾಯುತ್ತಿದ್ದ ಮುಖ. ಇಷ್ಟು ವರ್ಷಗಳಲ್ಲಿ ಆ ಮುಖಕ್ಕೆ ಒಂದು ಸಲವೂ ಗೊತ್ತಿಲ್ಲ ಎಂದು ಹೇಳಿರಲಿಲ್ಲ.

"ನಂಗೆ ಗೊತ್ತಿಲ್ಲ ಅಕ್ಕ," ಅಂದಳು. ಅಂದ ಕೂಡಲೇ ಅಳು ಬಂತು, ಬೇಡವೆಂದರೂ.

ಅಕ್ಕ ಸಮಾಧಾನ ಮಾಡಲಿಲ್ಲ. ಎದ್ದು ಕೈ ತೊಳೆದುಕೊಂಡಳು, ಬೆರಳಿನ ಸಂದಿಗಳನ್ನೂ ತಿಕ್ಕಿ ತೊಳೆದುಕೊಂಡಳು. ಹಾಗಾದ್ರೆ ಹೇಳಲೇಬೇಕು ಎಂದಳು. ನಿಮ್ಮ ಸಾಹೇಬರಿಗೆ ಆಮೇಲೆ, ಮೊದಲು ಈ ಮೂರು ಮನೆಯವರಿಗೆ. ಅವಳು ಕಣ್ಣೊರೆಸಿಕೊಂಡು ಚಪ್ಪಲಿ ಹುಡುಕಿದಳು, ನಾನೂ ಬರ್ತೀನಿ, ನಾನು ವಿವರಿಸಿ ಹೇಳ್ತೀನಿ ಅಂದಳು.

"ನೀನು ಬೇಡ. ನೀನು ಬಂದ್ರೆ ಟೈಲರಮ್ಮ ಮರ್ಯಾದೆ ಕೊಟ್ಟುಬಿಡ್ತಾಳೆ, ಬೈಯಲ್ಲ."

ಆಕಡೆ ಮನೆಯಲ್ಲಿ ಬೀಗವಿತ್ತು, ಮೂಲೆಮನೆಯವರು ಸಂಜೆ ಬರುವವರು. ಅಕ್ಕ ಟೈಲರಮ್ಮನ ಬಾಗಿಲಿಗೇ ಹೋದಳು. ಇತ್ತ ಅವಳು ಮನೆಯೊಳಗೇ ಕಿಟಕಿಯ ಹತ್ತಿರ ನಿಂತಳು. ಹೊಲಿಗೆ ಯಂತ್ರದ ಸದ್ದು ಒಮ್ಮೆಗೇ ನಿಂತಿತು. ಅಕ್ಕನ ದನಿ ತಗ್ಗಿನಲ್ಲಿ, ಮಾತುಗಳು ಕೇಳಿಸದಷ್ಟು ತಗ್ಗಿನಲ್ಲಿ, ಎಲ್ಲೂ ತಡೆಯದೆ ಹೋಗುತ್ತಿತ್ತು. ಅವಳಿಗೆ ತಾನೇ ಬಾಗಿಲಲ್ಲಿ ನಿಂತ ಹಾಗೆ ಅನ್ನಿಸಿತು. ಎಷ್ಟೋ ವೇದಿಕೆಗಳಲ್ಲಿ ನಿಂತು ಮಾತಾಡಿದ್ದಾಳೆ, ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾಳೆ, ಆದರೆ ಕೆಡಿಸಿದೆ ಎಂದು ಹೇಳಲಿಕ್ಕೆ ಯಾರ ಹೊಸ್ತಿಲಿಗೂ ಹೋದವಳಲ್ಲ. ಅಕ್ಕನ ದನಿ ಮುಗಿಯಿತು. ಬಾಗಿಲು ಮುಚ್ಚಿದರೇನೋ ಎಂದುಕೊಳ್ಳುವಷ್ಟರಲ್ಲಿ ಟೈಲರಮ್ಮನ ಗಂಟಲು ಬೀದಿಗೆಲ್ಲ ಕೇಳುವ ಹಾಗೆ ಬಿರಿಯಿತು.

"ನಿನ್ನ ಗಂಡ ಒಂದು ಸಲ, ನೀನೊಂದು ಸಲ! ನಮ್ಮ ಮಣ್ಣೇನು ನಿಮ್ಮಪ್ಪನ ಮನೇದಾ? ಕೂಸು ಆಡೋ ಜಾಗ ಅದು. ಕೇಳೋಕೆ ಬಾಯಿರಲಿಲ್ವಾ ನಿಂಗೆ?"

ಅಕ್ಕ ಈ ಸಲ ಏರಿದ ದನಿಯಲ್ಲೇ ಹೇಳಿದಳು, "ಕೇಳಿದ್ರೆ ಬಾಗಿಲು ತೆಗೀತಿದ್ಯಾ?"

ಟೈಲರಮ್ಮನ ಬೈಗುಳ ಮತ್ತೆ ಶುರುವಾಯಿತು, ಈಗ ಕಟ್ಟೆ ಒಡೆದ ಹಾಗೆ. ನಿಂಬೆಗಿಡದ ವಿಷಯ ಬಂತು, ಬಾವಿಯ ವಿಷಯ ಬಂತು, ತಲೆನೋವಿನಿಂದ ಎದ್ದ ಬೆಳಗುಗಳು ಬಂದವು, ಮಗ ಈ ಮನೆ ಮಾರೋಣ ಅಂದರೆ ಕೇಳುವವರಿಲ್ಲ ಎನ್ನುವುದು ಬಂತು, ಆವತ್ತು ನಿನ್ನ ಗಂಡ ಒಂದು ಕೂಗು ಹಾಕಿದ್ದಿದ್ರೆ ಎನ್ನುವುದು ಬಂತು. ಅಕ್ಕ ನಡುವೆ ಹೂಂ, ಹೂಂ ಎನ್ನುತ್ತಿದ್ದಳು. ಹಿಂದೆ ಪತ್ರಿಕೆ ಮಡಚಿದ ಸದ್ದಾಯಿತು. ಭಾವ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ತಿರುಗದೆಯೇ ತಿಳಿಯಿತು. ತಿರುಗಲು ಧೈರ್ಯವಾಗಲಿಲ್ಲ.

ಅಕ್ಕ ಬಂದಾಗ ಅವಳ ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು. ನೀರು ಕೊಟ್ಟರೆ ಗಟಗಟ ಕುಡಿದಳು. ಭಾವ ಕುರ್ಚಿಯಿಂದಲೇ ಏನಂದಳು ಎಂದು ಕೇಳಿದರು. ಬೈದ್ಲು ಎಂದಳು ಅಕ್ಕ, ಹೊಟ್ಟೆ ತುಂಬ ಬೈದ್ಲು, ನಿಮ್ಮನ್ನೂ ಬೈದ್ಲು. ಅದನ್ನು ಅವಳು ಹೇಳಿದ ರೀತಿ, ಬಹಳ ದಿನದಿಂದ ಸುದ್ದಿಯಿಲ್ಲದ ನೆಂಟರು ಚೆನ್ನಾಗಿದ್ದಾರೆ ಎಂದು ತಿಳಿಸಿದ ಹಾಗಿತ್ತು. ಭಾವ ಏನಂತ ಎಂದು ಕೇಳಿದರು. ಅಕ್ಕ ಒಂದು ಮಾತನ್ನೂ ಬಿಡದೆ, ಮೆತ್ತಗೆ ಮಾಡದೆ ಹೇಳಿದಳು. ಅವರು ತಲೆ ತಗ್ಗಿಸಿ ಕೇಳಿದರು. ಒಂದು ಕೂಗು ಹಾಕಿದ್ದಿದ್ರೆ ಎನ್ನುವಲ್ಲಿ ಹೌದು ಎಂದರು.

ಅವಳು ಫೋನ್ ತೆಗೆದಳು. ಸಂಜೆ ಆಗಿರಲಿಲ್ಲ, ಸಂಜೆಯ ತನಕ ಕಾದರೆ ತಾನು ಏನು ಹೇಳಿಬಿಡಬಹುದು ಎನ್ನುವುದು ಅವಳಿಗೆ ಗೊತ್ತಿತ್ತು. ನಿರ್ದೇಶಕರು ಮೊದಲ ಗಂಟೆಗೇ ಎತ್ತಿಕೊಂಡು, ಹೇಳಿ, ಕೆಟ್ಟಿತ್ತು ತಾನೆ ಎಂದರು. ಇಲ್ಲ ಸರ್, ಸ್ಯಾಂಪಲ್ ಸರಿಯಾಗೇ ಇದೆ, ಮೂರು ಹಿತ್ತಲಿಗೆ ಹೋಗಿದೆ ಎಂದಳು. ಆಕಡೆ ಕುರ್ಚಿ ಸರಿದ ಸದ್ದು. ನೀವು ಏನು ಹೇಳ್ತಿದೀರಿ ಅಂತ ಯೋಚನೆ ಮಾಡಿದೀರಾ, ನಾಳೆ ಬೆಳಿಗ್ಗೆ ಮಾತಾಡೋಣ್ವಾ ಎಂದರು. ಅವಳು ಇಲ್ಲ ಸರ್, ಇವತ್ತೇ ಬರ್ಕೊಳ್ಳಿ ಎಂದಳು. ಹೊರಗೆ ಹೇಗೆ ಹೋಯಿತು, ಯಾರು ಒಯ್ದರು ಎಂದು ಅವರು ಕೇಳಿದರು. ಈಗ ಅವರ ದನಿಯಲ್ಲಿ ಅಡ್ಡಗೋಡೆಯೂ ಇರಲಿಲ್ಲ, ದೀಪವೂ ಇರಲಿಲ್ಲ.

"ನನ್ನ ಅಕ್ಕ ಸರ್. ಹೇಗೆ ಮಾಡಬೇಕು ಅಂತ ಹೇಳಿಕೊಟ್ಟಿದ್ದು ನಾನು."

ಫೋನ್ ಹಿಡಿದು ನಿಂತವಳಿಗೆ ಟೈಲರಮ್ಮ ಇನ್ನೂ ತನ್ನ ಹಿತ್ತಲಿನಲ್ಲಿ ನಿಂತು ಗೋಡೆಗೆ ಮುಖ ಮಾಡಿ ಬೈಯುತ್ತಿರುವುದು ಕೇಳಿಸುತ್ತಿತ್ತು. ಬಿಟ್ಟುಹೋದದ್ದೊಂದು ನೆನಪಾಗಿ ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಅಕ್ಕ ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದು ಅದರ ಪಕ್ಕದಲ್ಲಿ ನಿಂತಳು. ಭಾವ ಎದ್ದು ಬಂದು ಅವಳ ಜೊತೆ ನಿಂತರು. ಇಬ್ಬರೂ ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳಿಸಿಕೊಳ್ಳುತ್ತಿದ್ದರು.